ಕೂತು ಕೆಟ್ಟ ಮೆಷಿನ್‌ಗಳು

(ಆಗಸ್ಟ್ ಕೊನೆಯ ಭಾನುವಾರ ನಮ್ಮೂರಿನ ಹಾಲ್‌ನಲ್ಲಿ ಆಡಿದ ಮಾತು ಇದು. ಫೋನಿನಲ್ಲಿ ರೆಕಾರ್ಡ್ ಆಗಿದ್ದನ್ನು ಕೇಳಿಕೊಂಡು ಬರೆದಿದ್ದೇನೆ. ತಗಡಿನ ಮಾಡಿನ ಮೇಲೆ ಮಳೆ ಜೋರಾಗಿದ್ದಾಗ ಏನೂ ಕೇಳಿಸುತ್ತಿಲ್ಲ, ಅಂಥ ಕಡೆ ನೆನಪಿನಿಂದ ತುಂಬಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೈಕ್ ಸರಿಯಿಲ್ಲ ಅಂತ ಈಗ ಹತ್ತು ನಿಮಿಷ ಕಾದೆವಲ್ಲ, ಅದರಿಂದಲೇ ಶುರು ಮಾಡುತ್ತೇನೆ. ಇಬ್ಬರು ಹುಡುಗರು ಆಂಪ್ಲಿಫೈಯರ್‌ನ ತಿರುಪುಗಳನ್ನೆಲ್ಲ ತಿರುಗಿಸಿ ನೋಡಿದರು. ಒಬ್ಬರು ಮೈಕ್ ತಲೆಗೆ ನಾಲ್ಕು ಬಾರಿಸಿದರು. ಅದು ಹೋಯಿತು, ಹೊಸದು ತರಬೇಕು ಅನ್ನುವ ಮಾತೂ ಬಂತು. ತೊಂದರೆ ಇದ್ದದ್ದು ವೈರಿನ ತುದಿಯ ಪಿನ್‌ನಲ್ಲಿ. ಜೂನ್‌ನಿಂದ ಈ ಹಾಲ್‌ನಲ್ಲಿ ಒಂದು ಸಭೆಯೂ ನಡೆದಿಲ್ಲ, ಪಿನ್ ಕಪ್ಪಗೆ ಕಿಲುಬು ಹಿಡಿದಿತ್ತು. ಪಂಚೆ ತುದಿಯಲ್ಲಿ ಉಜ್ಜಿ ಚುಚ್ಚಿದೆ, ಮಾತಾಡಿತು. ನಾನು ಇವತ್ತು ಹೇಳಬೇಕು ಅಂದುಕೊಂಡು ಬಂದದ್ದೂ ಇದನ್ನೇ.

ನಾನು ಇಪ್ಪತ್ತಾರು ವರ್ಷದಿಂದ ರಿಪೇರಿ ಕೆಲಸದಲ್ಲಿದ್ದೇನೆ. ಕೊಡಗಿನ ಸುಂಟಿಕೊಪ್ಪದ ಕಡೆ ಸಣ್ಣ ಅಂಗಡಿ. ಮಿಕ್ಸಿ, ನೀರಿನ ಮೋಟರ್, ಕಳೆ ಹೊಡೆಯುವ ಮೆಷಿನ್, ಜನರೇಟರ್, ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್, ಯಾವುದು ಬಂದರೂ ಬೇಡ ಅನ್ನುವುದಿಲ್ಲ. ಟಿವಿ ಮಾತ್ರ ಮುಟ್ಟುವುದಿಲ್ಲ. ಮೊದಮೊದಲು ಬಹಳ ವರ್ಷ ನನಗೂ ಎಲ್ಲರ ಹಾಗೇ ಒಂದು ನಂಬಿಕೆ ಇತ್ತು, ಮೆಷಿನ್ ಅಂದರೆ ಓಡಿ ಓಡಿ ಸವೆದು ಕೆಡುವುದು ಅಂತ. 2018ರ ಆಗಸ್ಟ್ ಅದನ್ನು ಬಿಡಿಸಿತು. ಗುಡ್ಡ ಜಾರಿ, ರಸ್ತೆ ಹೋಗಿ, ಕಂಬಗಳು ಮಲಗಿ, ನಮ್ಮ ಕಡೆ ಎಷ್ಟೋ ದಿನ ಕರೆಂಟ್ ಇರಲಿಲ್ಲ. ಆಗ ಎಲ್ಲರಿಗೂ ಒಂದೇ ಸಲ ಜನರೇಟರ್ ನೆನಪಾಯಿತು. ಸೌದೆ ಕೊಟ್ಟಿಗೆಯಿಂದ, ಗೊಬ್ಬರದ ಚೀಲಗಳ ಹಿಂದಿನಿಂದ, ಮೆಟ್ಟಿಲ ಕೆಳಗಿನಿಂದ ಎಳೆದು ಹಗ್ಗ ಜಗ್ಗಿದರೆ ಒಂದೂ ಸ್ಟಾರ್ಟ್ ಆಗಲಿಲ್ಲ. ಆ ವಾರ ನನ್ನ ಅಂಗಡಿಯ ಮುಂದೆ ಸಾಲಾಗಿ ಇಟ್ಟಿದ್ದರು. ಒಂದರ ಸೈಲೆನ್ಸರ್ ಒಳಗೆ ಕಣಜದ ಹುಳ ಮಣ್ಣಿನ ಗೂಡು ಕಟ್ಟಿತ್ತು. ಇನ್ನೊಂದರ ವೈರನ್ನು ಇಲಿ ತಿಂದಿತ್ತು. ಉಳಿದ ಮುಕ್ಕಾಲು ಪಾಲಿನದ್ದು ಒಂದೇ ಕಥೆ, ಹಿಂದಿನ ವರ್ಷದ ಪೆಟ್ರೋಲ್ ಕಾರ್ಬುರೇಟರ್ ಒಳಗೆ ಒಣಗಿ ಅಂಟಾಗಿತ್ತು. ಸವೆದು ಕೆಟ್ಟದ್ದು ಅಷ್ಟರಲ್ಲಿ ಎರಡೋ ಮೂರೋ. ಮಿಕ್ಕಿದ್ದೆಲ್ಲ ಸುಮ್ನೆ ಕೂತು ಕೆಟ್ಟದ್ದು.

ಆಮೇಲೆ ಯೋಚನೆ ಮಾಡಿದೆ. ನಮ್ಮ ಜಿಲ್ಲೆಯ ಮೆಷಿನ್‌ಗಳಿಗೆ ಒಂದು ಪಂಚಾಂಗವೇ ಇದೆ ಅಲ್ವಾ? ಸ್ಪ್ರಿಂಕ್ಲರ್ ಪಂಪಿಗೆ ಕೆಲಸ ಫೆಬ್ರವರಿ, ಮಾರ್ಚ್‌ನಲ್ಲಿ. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಕೈಕೊಟ್ಟರೆ ರೋಬಸ್ಟಾ ಕಾಫಿಗೆ ನೀರು ಕೊಡಲೇಬೇಕು, ಆಗ ಹಗಲು ರಾತ್ರಿ ಓಡುತ್ತದೆ. ಪಲ್ಪರ್‌ಗೆ ಕೆಲಸ ನವೆಂಬರ್‌ನಿಂದ, ಅರೇಬಿಕಾ ಹಣ್ಣಾದಾಗ. ಕಳೆ ಮೆಷಿನ್‌ಗೆ ಮಳೆ ಹಿಡಿಯುವ ಮುಂಚೆ ಒಂದು ಸುತ್ತು, ಮಳೆ ಬಿಟ್ಟ ಮೇಲೆ ಒಂದು ಸುತ್ತು. ಜನರೇಟರ್‌ಗೆ ಜೂನ್‌ನಿಂದ ಆಗಸ್ಟ್. ಉಳಿದ ಎಂಟೊಂಬತ್ತು ತಿಂಗಳು ಎಲ್ಲವೂ ಮೂಲೆಯಲ್ಲಿ. ಅದೂ ಎಂಥ ಮೂಲೆ! ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಚಪ್ಪಲಿಗೆ ಬೂಷ್ಟು ಬರುತ್ತದೆ, ಬೀರುವಿನೊಳಗಿನ ರೇಷ್ಮೆ ಸೀರೆಗೆ ಬರುತ್ತದೆ, ಗೋಡೆಗೆ ಬರುತ್ತದೆ. ತಾಮ್ರದ ತಂತಿಗೆ, ರಬ್ಬರಿಗೆ, ಬೇರಿಂಗ್‌ಗೆ ಮಾತ್ರ ಏನೂ ಆಗುವುದಿಲ್ಲ ಅಂದುಕೊಂಡರೆ ಹೇಗೆ? ಮಳೆ ಸುರಿಯುವ ಭಾಗಮಂಡಲದ ಮೋಟರ್‌ಗೂ ಮಳೆ ಕಡಿಮೆ ಇರುವ ಕುಶಾಲನಗರದ ಮೋಟರ್‌ಗೂ ಆಯಸ್ಸಿನಲ್ಲಿ ವ್ಯತ್ಯಾಸ ಇರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಪನಿ ಒಂದೇ, ಬೆಲೆ ಒಂದೇ.

ಈಗ ಕೆಟ್ಟಾಗ ಏನು ಮಾಡುವುದು ಅನ್ನುವುದಕ್ಕೆ ಬರೋಣ. ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಳ್ಳುವ ಮುಂಚೆ ಒಂದು ನಿಮಿಷ ಅದರ ಮುಂದೆ ಕೂತುಕೊಳ್ಳಿ. ಕೊನೇ ಸಲ ಯಾವಾಗ ಓಡಿತ್ತು? ನಿಂತದ್ದು ಓಡುತ್ತಿದ್ದಾಗಲೋ, ಅಥವಾ ಇಟ್ಟಲ್ಲಿಂದ ತೆಗೆದಾಗಲೋ? ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ರಿಪೇರಿ ಮುಗಿದ ಹಾಗೆ. ಓಡುತ್ತಾ ನಿಂತಿದ್ದರೆ ಬಿಸಿ, ಭಾರ, ಎಣ್ಣೆ, ವೋಲ್ಟೇಜ್ ಕಡೆ ನೋಡಿ. ಇಟ್ಟಲ್ಲಿಂದ ತೆಗೆದಾಗಲೇ ಓಡದಿದ್ದರೆ ತೇವ, ತುಕ್ಕು, ಹಳೇ ಪೆಟ್ರೋಲ್, ಇಲಿ, ಇರುವೆ. ಅಂಗಡಿಗೆ ಬಂದವರನ್ನು ನಾನು ಮೊದಲು ಕೇಳುವುದೂ ಇದನ್ನೇ. ಹತ್ತರಲ್ಲಿ ಎಂಟು ಮಂದಿ "ಏನೂ ಮಾಡಿಲ್ಲ ಅಣ್ಣ, ತನ್ನಷ್ಟಕ್ಕೆ ನಿಂತಿತು" ಅನ್ನುತ್ತಾರೆ. ಕಾಫಿ ಕೊಟ್ಟು ಕೂರಿಸಿದರೆ ಐದು ನಿಮಿಷಕ್ಕೆ ನಿಜ ಹೊರಗೆ ಬರುತ್ತದೆ.

ಕಳೆ ಮೆಷಿನ್ ವಿಷಯ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಮುಂದಿನ ತಿಂಗಳು ನೀವೆಲ್ಲ ಅದನ್ನು ಹೊರಗೆ ತೆಗೆಯುವವರು. ಹಗ್ಗ ಎಳೆದು ಎಳೆದು ಭುಜ ಬಿದ್ದುಹೋಯಿತು, ಸ್ಟಾರ್ಟ್ ಇಲ್ಲ. ಮೊದಲು ಸ್ಟಾಪ್ ಸ್ವಿಚ್ ನೋಡಿ. ನಗಬೇಡಿ, ಸ್ವಿಚ್ ಆಫ್‌ನಲ್ಲೇ ಇಟ್ಟು ಜೀಪಿನಲ್ಲಿ ತಂದವರು ಈ ಹಾಲ್‌ನಲ್ಲೇ ಇಬ್ಬರು ಇದ್ದಾರೆ, ಹೆಸರು ಹೇಳುವುದಿಲ್ಲ. ಆಮೇಲೆ ಟ್ಯಾಂಕಿನಲ್ಲಿರುವುದನ್ನು ಪೂರ್ತಿ ಒಳಗಿನದ್ದು ಕಾಣುವ ಒಂದು ಬಿಳಿ ಬಾಟಲಿಗೆ ಸುರಿದು, ಅಲ್ಲಾಡಿಸದೆ ಬೆಳಕಿಗೆ ಹಿಡಿಯಿರಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ 100ಕ್ಕೆ 20 ಭಾಗದಷ್ಟು ಎಥನಾಲ್ ಬೆರೆಸುತ್ತಾರೆ. ಈ ಎಥನಾಲ್‌ಗೂ ನೀರಿಗೂ ಬಹಳ ನಂಟು. ಗಾಳಿಯಲ್ಲಿರುವ ತೇವವನ್ನೂ ಎಳೆದುಕೊಳ್ಳುತ್ತದೆ. ಒಂದು ಮಟ್ಟ ದಾಟಿದ ಮೇಲೆ ನೀರೂ ಎಥನಾಲೂ ಒಟ್ಟಾಗಿ ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕೆ ಕೂರುತ್ತವೆ. ಟ್ಯಾಂಕಿನೊಳಗೆ ಪೈಪಿನ ತುದಿಯ ಫಿಲ್ಟರ್ ಇರುವುದೂ ತಳದಲ್ಲೇ. ಅಂದರೆ ಮೆಷಿನ್ ಮೊದಲು ಕುಡಿಯುವುದು ಆ ನೀರನ್ನು. ಬಾಟಲಿಯ ತಳದಲ್ಲಿ ಬೇರೆ ಬಣ್ಣದ ಒಂದು ಪದರ ಕಂಡರೆ ಆ ಪೆಟ್ರೋಲ್ ಮುಗಿಯಿತು. ಹೊಸದನ್ನು ಸೇರಿಸಿ ಓಡಿಸುತ್ತೇನೆ ಅನ್ನಬೇಡಿ.

ಹೊಸ ಪೆಟ್ರೋಲ್ ಹಾಕಿದರೂ ಆಗಲಿಲ್ಲವಾ? ಆರೇಳು ಸಲ ಹಗ್ಗ ಎಳೆದು, ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ಪ್ಲಗ್ ಒಣಗಿದ್ದರೆ ಪೆಟ್ರೋಲ್ ಮೇಲೆ ಬರುತ್ತಿಲ್ಲ. ಒದ್ದೆ ಇದ್ದರೆ ಪೆಟ್ರೋಲ್ ಬರುತ್ತಿದೆ, ಬೆಂಕಿ ಬರುತ್ತಿಲ್ಲ, ಅಥವಾ ಎಳೆದೂ ಎಳೆದೂ ಒಳಗೆ ತುಂಬಿ ತುಳುಕಿದೆ. ಇಷ್ಟೇ, ಇಲ್ಲಿಂದ ದಾರಿ ಎರಡಾಗುತ್ತದೆ. ಒಣಗಿದ್ದರೆ ಕಾರ್ಬುರೇಟರ್ ಹತ್ತಿರ ಇರುವ ರಬ್ಬರ್ ಗುಂಡಿ ಒತ್ತಿ ನೋಡಿ, ಅದು ಒಡೆದಿದ್ದರೆ ಗಾಳಿ ಎಳೆಯುತ್ತದೆ, ಪೆಟ್ರೋಲ್ ಎಳೆಯುವುದಿಲ್ಲ. ಪೈಪ್ ಬಿರುಕು ಬಿಟ್ಟಿದೆಯಾ, ಟ್ಯಾಂಕಿನೊಳಗಿನ ಫಿಲ್ಟರ್ ಕಟ್ಟಿದೆಯಾ ನೋಡಿ. ಅದೆಲ್ಲ ಸರಿಯಿದ್ದರೆ ಕಾರ್ಬುರೇಟರ್ ಒಳಗಿನ ತೆಳ್ಳಗಿನ ಪೊರೆ ಗಟ್ಟಿಯಾಗಿದೆ ಅಂತ ಅರ್ಥ, ಅದನ್ನು ನಮ್ಮಂಥವರಿಗೆ ಬಿಡಿ. ಒದ್ದೆ ಇದ್ದರೆ ಪ್ಲಗ್ ಒರೆಸಿ, ಸ್ವಿಚ್ ಆಫ್ ಮಾಡಿ, ತೂತು ಕೆಳಮುಖವಾಗುವ ಹಾಗೆ ಮೆಷಿನ್ ತಿರುಗಿಸಿ ನಾಲ್ಕೈದು ಸಲ ಹಗ್ಗ ಎಳೆಯಿರಿ. ಹತ್ತು ನಿಮಿಷ ಬಿಡಿ. ಈ ಹತ್ತು ನಿಮಿಷ ಯಾರೂ ಬಿಡುವುದಿಲ್ಲ! ಆಮೇಲೆ ಚೆಲ್ಲಿದ ಪೆಟ್ರೋಲ್ ಒರೆಸಿ, ಟ್ಯಾಂಕ್ ಮುಚ್ಚಳ ಬಿಗಿ ಮಾಡಿ, ಪ್ಲಗ್ಗನ್ನು ಅದರ ಟೋಪಿಗೆ ಸಿಕ್ಕಿಸಿ, ತೂತಿನಿಂದ ದೂರದಲ್ಲಿ ಎಂಜಿನ್ ಲೋಹಕ್ಕೆ ತಾಗಿಸಿ, ಸ್ವಿಚ್ ಆನ್ ಮಾಡಿ ಹಗ್ಗ ಎಳೆದರೆ ನೀಲಿ ಕಿಡಿ ಕಾಣಬೇಕು. ಪ್ಲಗ್ಗಿನ ಬಾಯಿಯ ಸಂದು 0.6ರಿಂದ 0.7 ಮಿಲಿಮೀಟರ್ ಇರಬೇಕು, ಎಟಿಎಂ ಕಾರ್ಡ್ ದಪ್ಪಕ್ಕಿಂತ ಒಂಚೂರು ಕಡಿಮೆ.

ಸ್ಟಾರ್ಟ್ ಆಗುತ್ತದೆ, ಆದರೆ ರೇಸ್ ಕೊಟ್ಟ ತಕ್ಷಣ ಉಸಿರು ಕಟ್ಟಿದ ಹಾಗೆ ನಿಲ್ಲುತ್ತದೆ ಅನ್ನುವವರು ಏರ್ ಫಿಲ್ಟರ್ ತೆಗೆದು ನೋಡಿ, ಸೈಲೆನ್ಸರ್ ಬಾಯಿಯಲ್ಲಿರುವ ಸಣ್ಣ ಜಾಲರಿಯನ್ನೂ ನೋಡಿ. ಮಸಿ ಕಟ್ಟಿ ಮುಚ್ಚಿರುತ್ತದೆ. ಅದಕ್ಕೆ ಕಾರಣ ಬಹಳ ಸಲ ಎಣ್ಣೆ ಜಾಸ್ತಿ ಹಾಕುವುದು. ಟೂ ಸ್ಟ್ರೋಕ್ ಮೆಷಿನ್‌ನಲ್ಲಿ ಪೆಟ್ರೋಲ್‌ಗೇ ಎಣ್ಣೆ ಬೆರೆಸಬೇಕು, ಪುಸ್ತಕದಲ್ಲಿ 50ಕ್ಕೆ 1 ಅಂತಿದ್ದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಅಂತಿದ್ದರೆ 40 ಮಿಲಿ. "ಒಂದು ಮುಚ್ಚಳ" ಅನ್ನುವ ಅಳತೆ ಎಲ್ಲೂ ಇಲ್ಲ, ಮುಚ್ಚಳ ಯಾವ ಬಾಟಲಿಯದ್ದು? ಜಾಸ್ತಿಯಾದರೆ ಹೊಗೆ, ಮಸಿ ಬರುತ್ತದೆ, ಅಷ್ಟೆ. ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಆಗ ನೀವು ನನಗೆ ಕೊಡುವ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಹೊಸ ಮೆಷಿನ್ ಬರುತ್ತದೆ. ಕೆಲಸ ಮುಗಿದು ಒಳಗಿಡುವಾಗ ಟ್ಯಾಂಕ್ ಖಾಲಿ ಮಾಡಿ, ಸ್ಟಾರ್ಟ್ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಲು ಬಿಡಿ. ಎರಡು ನಿಮಿಷದ ಕೆಲಸ. ಇದನ್ನು ಎಲ್ಲರೂ ಮಾಡಿದರೆ ಸೆಪ್ಟೆಂಬರ್‌ನಲ್ಲಿ ನನಗೆ ವ್ಯಾಪಾರ ಇರುವುದಿಲ್ಲ, ಆದರೂ ಹೇಳುತ್ತಿದ್ದೇನೆ.

ಇನ್ನು ಕರೆಂಟ್ ಮೋಟರ್. ಮೋಟರ್ ಮಾತಾಡುತ್ತದೆ, ಕೇಳಿಸಿಕೊಳ್ಳಬೇಕು. ಸ್ವಿಚ್ ಹಾಕಿದಾಗ ಏನೂ ಶಬ್ದವೇ ಇಲ್ಲ ಅಂದರೆ ಕರೆಂಟ್ ಅಲ್ಲಿಗೆ ಬರುತ್ತಿಲ್ಲ ಅಂತಲೇ ಮೊದಲು ಅನುಮಾನ ಪಡಿ. ಫ್ಯೂಸ್, ಪ್ಲಗ್ ಪಾಯಿಂಟ್, ಸ್ಟಾರ್ಟರ್ ನೋಡಿ. "ಗುಂಯ್" ಅನ್ನುತ್ತದೆ, ತಿರುಗುವುದಿಲ್ಲ ಅಂದರೆ ಒಂದು ಸೆಕೆಂಡೂ ಬಿಡದೆ ಆಫ್ ಮಾಡಿ. ಹಾಗೇ ಗುಂಯ್‌ಗುಟ್ಟಲು ಬಿಟ್ಟರೆ ಕೆಲವೇ ನಿಮಿಷದಲ್ಲಿ ವೈಂಡಿಂಗ್, ಅಂದರೆ ಒಳಗಿನ ತಂತಿ ಸುರುಳಿ, ಸುಡುತ್ತದೆ. ಸಿಂಗಲ್ ಫೇಸ್ ಮೋಟರ್‌ಗಳಲ್ಲಿ ಈ ಗುಂಯ್‌ಗೆ ಕಾರಣ ಹೆಚ್ಚಾಗಿ ಮೋಟರ್ ತಿರುಗಲು ತಳ್ಳು ಕೊಡುವ ಕೆಪಾಸಿಟರ್, ಇಲ್ಲವೇ ಕೂತು ಕೂತು ಒಳಗೆ ತುಕ್ಕಿಗೆ ಅಂಟಿಕೊಂಡಿರುವುದು. ಕರೆಂಟ್ ಪೂರ್ತಿ ತೆಗೆದು ಶಾಫ್ಟ್ ಕೈಯಲ್ಲಿ ತಿರುಗಿಸಿ. ಸಲೀಸಾಗಿ ತಿರುಗಿದರೆ ಕೆಪಾಸಿಟರ್ ಮೇಲೆ ಅನುಮಾನ, ಬಿಗಿ ಇದ್ದರೆ ತುಕ್ಕು ಅಥವಾ ಬೇರಿಂಗ್. ಫ್ಯಾನ್ ನಿಧಾನವಾಗುವುದೂ ಕೆಪಾಸಿಟರ್‌ನಿಂದಲೇ ಜಾಸ್ತಿ. ಸೀಲಿಂಗ್ ಫ್ಯಾನಿನದ್ದು ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್, ಇದ್ದದ್ದರ ಮೇಲೆ ಬರೆದಿರುತ್ತದೆ, ಅದೇ ನಂಬರಿನದ್ದು ತನ್ನಿ. ಆದರೆ ಒಂದು ಮಾತು. ಕರೆಂಟ್ ತೆಗೆದ ಮೇಲೂ ಕೆಪಾಸಿಟರ್ ಹೊಡೆಯುತ್ತದೆ. ಪಂಪಿನ ದೊಡ್ಡ ಕೆಪಾಸಿಟರ್ ಅಂತೂ ಆಳನ್ನು ಎತ್ತಿ ಎಸೆಯುತ್ತದೆ. ಹಳೇ ಕಾಲದ ತಂತಿ ಬಲ್ಬಿನ ಹೋಲ್ಡರ್‌ಗೆ ಎರಡು ವೈರ್ ಸಿಕ್ಕಿಸಿ, ಅದನ್ನು ಎರಡೂ ಕಡ್ಡಿಗಳಿಗೆ ತಾಗಿಸಿ ಖಾಲಿ ಮಾಡಿದ ಮೇಲೆಯೇ ಕೈ ಹಾಕಬೇಕು.

ತ್ರೀ ಫೇಸ್ ಮೋಟರ್ ಗುಂಯ್ ಅಂದರೆ ಹೆಚ್ಚಾಗಿ ಒಂದು ಫೇಸ್ ಇಲ್ಲ ಅಂತ ಅರ್ಥ. ನನ್ನ ಮಾನ ಹೋದ ಕಥೆ ಒಂದಿದೆ, ಹೇಳಿಬಿಡುತ್ತೇನೆ. ಮಾದಾಪುರದ ಕಡೆಯ ಒಂದು ತೋಟದ ಪಲ್ಪರ್ ಮೋಟರ್ ಸುಟ್ಟಿತು. ರಿವೈಂಡ್ ಮಾಡಿಸಿ ಕೊಟ್ಟೆ. ಎಂಟು ದಿನಕ್ಕೆ ಮತ್ತೆ ಸುಟ್ಟಿತು. ತಂತಿ ಸರಿಯಿಲ್ಲ ಅಂತ ರಿವೈಂಡಿಂಗ್ ಮಾಡಿದವನಿಗೆ ಬೈದು ಇನ್ನೊಮ್ಮೆ ಮಾಡಿಸಿದೆ. ಮೂರನೇ ಸಲವೂ ಕರೆ ಬಂದಾಗ ತೋಟಕ್ಕೇ ಹೋಗಿ ಕೂತೆ. ಫೇಸ್ ಮೂರೂ ಸರಿಯಾಗಿ ಬರುತ್ತಿದೆ. ಮೋಟರ್ ಸರಿ. ಕೊನೆಗೆ ಮೇನ್ ತೆಗೆದು ಸ್ಟಾರ್ಟರ್ ಬಾಕ್ಸ್ ಬಿಚ್ಚಿದರೆ ಒಳಗೆ ಇರುವೆಗಳ ಸಂಸಾರ! ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿಕೊಂಡು ಬಂದಿದ್ದವು. ಸ್ಟಾರ್ಟರ್ ಕೂಡಿಕೊಂಡಾಗಲೆಲ್ಲ ಒಂದಷ್ಟು ಸತ್ತು, ಕರೆಂಟ್ ಕೂಡಿಸುವ ಮೂರು ಪಾಯಿಂಟ್‌ಗಳಲ್ಲಿ ಒಂದರ ಮೇಲೆ ಸತ್ತ ಇರುವೆಗಳ ಕರಿ ಪದರ. ಆ ಪಾಯಿಂಟ್ ಸರಿಯಾಗಿ ಕೂಡುತ್ತಿರಲಿಲ್ಲ, ಎರಡೇ ಫೇಸಿನಲ್ಲಿ ಮೋಟರ್ ಒದ್ದಾಡಿ ಸುಡುತ್ತಿತ್ತು. ಒಂದು ಬ್ರಷ್‌ನಲ್ಲಿ ಹೋಗುವ ಕೆಲಸಕ್ಕೆ ಎರಡು ರಿವೈಂಡಿಂಗ್. ದುಡ್ಡು ಅರ್ಧ ನಾನೇ ಹಾಕಿಕೊಂಡೆ. ಅವತ್ತಿನಿಂದ ಮೋಟರ್ ಬಿಚ್ಚುವ ಮುಂಚೆ ಸ್ಟಾರ್ಟರ್ ಬಿಚ್ಚುತ್ತೇನೆ. ಒಂದು ಫೇಸ್ ಹೋದರೆ ತಾನಾಗಿ ನಿಲ್ಲಿಸುವ ಪ್ರಿವೆಂಟರ್ ಸಿಗುತ್ತದೆ, ರಿವೈಂಡಿಂಗ್ ಖರ್ಚಿಗೆ ಹೋಲಿಸಿದರೆ ಅದು ಏನೂ ಅಲ್ಲ. ಮತ್ತೆ, ರಿಪೇರಿ ಆದ ಮೇಲೆ ತ್ರೀ ಫೇಸ್ ಮೋಟರ್ ಉಲ್ಟಾ ತಿರುಗಿದರೆ ಗಾಬರಿ ಬೇಡ. ಮೂರು ವೈರಿನಲ್ಲಿ ಯಾವುದಾದರೂ ಎರಡನ್ನು ಅದಲು ಬದಲು ಮಾಡಿದರೆ ನೇರವಾಗುತ್ತದೆ.

ನಾಲ್ಕು ತಿಂಗಳು ಮಳೆಯಲ್ಲಿ ಕೂತ ಮೋಟರ್‌ಗೆ ನೇರವಾಗಿ ಕರೆಂಟ್ ಕೊಡಬೇಡಿ. ವೈಂಡಿಂಗ್ ತೇವ ಕುಡಿದಿರುತ್ತದೆ. ಒಳಗೆ ಕರೆಂಟ್ ಸೋರುತ್ತದಾ ಅಂತ ಅಳೆಯುವ ಮೆಗ್ಗರ್ ಇರುವವರಿಂದ ಒಮ್ಮೆ ನೋಡಿಸಿ, ಒಂದು ಮೆಗಾ ಓಮ್‌ಗಿಂತ ಕಡಿಮೆ ತೋರಿಸಿದರೆ ಒಣಗಿಸದೆ ಓಡಿಸುವ ಹಾಗಿಲ್ಲ. ನಮ್ಮ ಹಳೇ ಉಪಾಯ ನಿಮಗೆ ಗೊತ್ತಿರಬಹುದು. ಮೋಟರ್‌ನ ಲೈನ್ ಬಿಡಿಸಿ, ಪಕ್ಕದಲ್ಲಿ ಒಂದು 100 ವ್ಯಾಟ್ ತಂತಿ ಬಲ್ಬ್ ಇಟ್ಟು, ಮೇಲಿಂದ ತಗಡಿನ ಡಬ್ಬ ಮುಚ್ಚಿ, ಆವಿ ಹೋಗಲು ಸಣ್ಣ ಸಂದು ಬಿಟ್ಟು ಒಂದು ರಾತ್ರಿ ಉರಿಸುವುದು. ಬಲ್ಬ್ ಯಾವುದಕ್ಕೂ ತಾಗಬಾರದು, ಗೋಣಿಚೀಲ ಮುಚ್ಚಬಾರದು. ಎಲ್‌ಇಡಿ ಬಲ್ಬ್‌ನಲ್ಲಿ ಇದು ಆಗುವುದಿಲ್ಲ, ಅದಕ್ಕೆ ಅಷ್ಟು ಬಿಸಿ ಇಲ್ಲ. ಕೋಳಿಮರಿಗೆ ಅಂತ ಇಟ್ಟುಕೊಂಡ ಹಳೇ ಬಲ್ಬ್ ಇದ್ದರೆ ಜೋಪಾನ ಮಾಡಿ.

ಪಂಪ್ ಓಡುತ್ತದೆ, ನೀರು ಬರುವುದಿಲ್ಲ. ಹತ್ತರಲ್ಲಿ ಒಂಬತ್ತು ಸಲ ಇದು ಪಂಪಿನ ತಪ್ಪಲ್ಲ. ನೀರಿನೊಳಗೆ ಪೈಪಿನ ತುದಿಯಲ್ಲಿರುವ ಫುಟ್ ವಾಲ್ವ್‌ಗೆ ಎಲೆಯೋ ಕಡ್ಡಿಯೋ ಸಿಕ್ಕಿ ನೀರು ಇಳಿದುಹೋಗಿರುತ್ತದೆ, ಅಥವಾ ಹೀರುವ ಪೈಪಿನ ಜಾಯಿಂಟ್ ಗಾಳಿ ಎಳೆಯುತ್ತಿರುತ್ತದೆ. ಪೈಪ್ ತುಂಬಿಸಿ ಬಿಟ್ಟು ನೋಡಿ, ಮಟ್ಟ ಇಳಿದರೆ ವಾಲ್ವ್ ಸೋರುತ್ತಿದೆ. ಇನ್ನೊಂದು ವಿಷಯ ನಮ್ಮ ಕಡೆ ಬಹಳ ಜನರಿಗೆ ಗೊತ್ತಿಲ್ಲ. ದಡದಲ್ಲಿ ಕೂತ ಪಂಪ್ ನೀರನ್ನು ಎಳೆಯುವುದಿಲ್ಲ, ಹೊರಗಿನ ಗಾಳಿಯ ಒತ್ತಡ ನೀರನ್ನು ಮೇಲಕ್ಕೆ ತಳ್ಳುತ್ತದೆ. ಸಮುದ್ರ ಮಟ್ಟದಲ್ಲಿ ಲೆಕ್ಕದ ಪ್ರಕಾರ ಹತ್ತು ಮೀಟರ್ ಚಿಲ್ಲರೆ ತಳ್ಳಬಹುದು. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿ ತೆಳು, ಹಾಗಾಗಿ ಲೆಕ್ಕವೇ ಒಂಬತ್ತು ಮೀಟರ್ ಹತ್ತಿರಕ್ಕೆ ಇಳಿಯುತ್ತದೆ. ಪೈಪಿನ ಉಜ್ಜಾಟ, ಬೆಂಡು, ವಾಲ್ವ್ ಎಲ್ಲ ಕಳೆದರೆ ಐದಾರು ಮೀಟರ್ ಸಿಕ್ಕರೆ ಪುಣ್ಯ. ಮಂಗಳೂರಿನಲ್ಲಿರುವ ಭಾವನ ಮನೆಯಲ್ಲಿ ಅದೇ ಪಂಪ್ ಚೆನ್ನಾಗಿ ಎತ್ತುತ್ತದೆ, ನನಗೆ ಮಾತ್ರ ಮೋಸ ಮಾಡಿದರು ಅಂತ ಒಬ್ಬರು ಜಗಳಕ್ಕೆ ಬಂದಿದ್ದರು. ಪಂಪನ್ನು ಒಂದೂವರೆ ಮೀಟರ್ ಕೆಳಗೆ ಇಳಿಸಿ ಕೂರಿಸಿದೆವು, ಜಗಳ ಮುಗಿಯಿತು.

ವೋಲ್ಟೇಜ್ ಬಗ್ಗೆ ಇದೇ ತರಹದ ಒಂದು ಲೆಕ್ಕ. ಮನೆಗೆ ಬರಬೇಕಾದ್ದು 230. ಲೈನಿನ ಕೊನೆಯ ಮನೆಗಳಲ್ಲಿ ಸಂಜೆ ಹೊತ್ತು 180 ತೋರಿಸುವುದುಂಟು. ಐವತ್ತು ತಾನೇ ಕಡಿಮೆ, ಐದರಲ್ಲಿ ಒಂದು ಭಾಗ ಅನ್ನಿಸುತ್ತದೆ. ಆದರೆ ಮೋಟರ್ ಎಳೆಯುವ ಬಲ ಹಾಗೆ ಇಳಿಯುವುದಿಲ್ಲ, ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿದು 100 ಇದ್ದದ್ದು 61ಕ್ಕೆ ಬರುತ್ತದೆ. 2,000 ವ್ಯಾಟಿನ ಗೀಸರ್ 1,225 ವ್ಯಾಟಿನದ್ದಾಗುತ್ತದೆ. ನೀರು ಬಿಸಿಯಾಗಲು ತಡವಾದರೆ ಗೀಸರ್ ಕೆಟ್ಟಿಲ್ಲ. ಫ್ರಿಜ್ ಹಿಂದುಗಡೆ "ಟಕ್" ಅಂತ ಶಬ್ದ, ಸ್ವಲ್ಪ ಗುಂಯ್, ಮತ್ತೆ "ಟಕ್", ನಾಲ್ಕೈದು ನಿಮಿಷಕ್ಕೆ ಮತ್ತೆ ಅದೇ ಆದರೆ ಕಂಪ್ರೆಸರ್ ಎದ್ದೇಳಲು ನೋಡಿ ಸೋಲುತ್ತಿದೆ. ಮೊದಲು ವೋಲ್ಟೇಜ್ ಅಳೆಯಿರಿ, ಅದು ಸರಿಯಿದ್ದರೆ ಕಂಪ್ರೆಸರ್ ಸ್ಟಾರ್ಟ್ ಮಾಡುವ ರಿಲೇ ನೋಡಿಸಿ. ಗ್ಯಾಸ್ ಹೋಯಿತು ಅಂತ ಮೊದಲ ಮಾತಿಗೇ ಹೇಳುವವರನ್ನು ನಂಬಬೇಡಿ.

ಫ್ರಿಜ್‌ನದ್ದೂ ಕೂತು ಕೆಡುವ ಕಥೆ ಇದೆ. ಮಕ್ಕಳು ಬೆಂಗಳೂರಿನಲ್ಲಿ, ಮನೆ ಬಾಗಿಲು ತೆಗೆಯುವುದು ಹುತ್ತರಿ ಹಬ್ಬಕ್ಕೆ, ಬೇಸಿಗೆ ರಜೆಗೆ. ಹೋಗುವಾಗ ಫ್ರಿಜ್ ಆಫ್ ಮಾಡಿ ಬಾಗಿಲು ಮುಚ್ಚಿ ಹೋಗುತ್ತಾರೆ. ಆರು ತಿಂಗಳಾದ ಮೇಲೆ ಒಳಗೆ ಬೂಷ್ಟಿನ ಕಾಡು, ಬಾಗಿಲಿನ ರಬ್ಬರ್ ಅಂಟಿ ಹರಿದಿರುತ್ತದೆ. ಒರೆಸಿ, ಒಣಗಿಸಿ, ಬಾಗಿಲಿಗೆ ಒಂದು ಬಟ್ಟೆ ಗಂಟು ಸಿಕ್ಕಿಸಿ ತೆರೆದಿಟ್ಟು ಹೋಗಿ. ಚಿಕ್ಕ ಮಕ್ಕಳು ಬರುವ ಮನೆಯಾದರೆ ಬಾಗಿಲು ಹಾಕಿಕೊಳ್ಳದ ಹಾಗೆ ಕಟ್ಟಿಡಿ. ರಬ್ಬರ್ ಸರಿಯಿದೆಯಾ ನೋಡಲು ಒಂದು ನೋಟು ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯಿರಿ, ಸಲೀಸಾಗಿ ಬಂದರೆ ಅಲ್ಲಿ ತಂಪು ಸೋರುತ್ತಿದೆ. ಗೀಸರ್ ಕೂಡ ಹಾಗೇ. ತಿಂಗಳುಗಟ್ಟಲೆ ಸುಮ್ನೆ ಇದ್ದು, ಹೋಂಸ್ಟೇಗೆ ಗಿರಾಕಿ ಬಂದ ದಿನ ಸ್ವಿಚ್ ಹಾಕಿದರೆ ಬೋರ್ಡಿನಲ್ಲಿ ಟ್ರಿಪ್ ಆಗುತ್ತದೆ. ಆ ಟ್ರಿಪ್ಪರ್ 30 ಮಿಲಿ ಆಂಪಿಯರ್ ಸೋರಿದರೂ ಬೀಳುವ ಹಾಗೆ ಮಾಡಿದ್ದು, ಜೀವ ಉಳಿಸಲಿಕ್ಕೆ. ಗಿರಾಕಿ ಕಾಯುತ್ತಿದ್ದಾರೆ ಅಂತ ಅದನ್ನು ತಪ್ಪಿಸಿ ನೇರ ಲೈನ್ ಕೊಡುವವರಿದ್ದಾರೆ. ಹಾಗೆ ಮಾಡಬೇಡಿ, ನೀರು ಕಾಯಿಸುವ ಎಲಿಮೆಂಟ್ ಬದಲಾಯಿಸಿ, ಅದು ದೊಡ್ಡ ಖರ್ಚಲ್ಲ.

ಮಿಕ್ಸಿ ಬೇಗ ಮುಗಿಸುತ್ತೇನೆ. ಪಂದಿ ಮಸಾಲೆ ಅರೆಯುವಾಗ ನಿಂತುಹೋಯಿತು ಅಂದರೆ ಬಗ್ಗಿಸಿ ತಳ ನೋಡಿ, ಕೆಂಪು ಗುಂಡಿ ಹೊರಗೆ ಬಂದಿರುತ್ತದೆ. ಹತ್ತು ಹದಿನೈದು ನಿಮಿಷ ಆರಲು ಬಿಟ್ಟು ಒತ್ತಿ. ಐದು ನಿಮಿಷ ಓಡಿದರೆ ಎರಡು ನಿಮಿಷ ಬಿಡುವ ಅಭ್ಯಾಸ ಮಾಡಿ. ಮೋಟರ್ ತಿರುಗುತ್ತದೆ, ಜಾರ್ ತಿರುಗುವುದಿಲ್ಲ ಅಂದರೆ ಎರಡನ್ನೂ ಕೂಡಿಸುವ ಕಪ್ಲರ್ ಸವೆದಿದೆ. ಒಳಗೆ ಜಾಸ್ತಿ ಕಿಡಿ ಕಂಡರೆ ಕಾರ್ಬನ್ ಬ್ರಷ್. ವಾಷಿಂಗ್ ಮೆಷಿನ್ ಒಂದು ಮಾತ್ರ ಮಳೆಗಾಲದಲ್ಲಿ ರಜೆಯಿಲ್ಲದೆ ದುಡಿಯುವುದು. ಕೊಲ್ಲಿಯ, ಅಂದರೆ ತೊರೆಯ, ನೀರು ಪೈಪಿನಲ್ಲಿ ನೇರ ಬರುವ ಮನೆಗಳಲ್ಲಿ ಜೂನ್ ಬಂತೆಂದರೆ ಕೆಂಪು ಮಣ್ಣು ಬರುತ್ತದೆ. ನೀರು ತುಂಬುತ್ತಿಲ್ಲ ಅಂತ ತೋರಿಸಿದರೆ ನಲ್ಲಿ ಮುಚ್ಚಿ, ಮೆಷಿನ್ ಹಿಂದಿನ ಪೈಪ್ ತಿರುಗಿಸಿ ತೆಗೆಯಿರಿ, ಒಳಗೆ ಬೆರಳಿನಷ್ಟಗಲದ ಜಾಲರಿ ಇರುತ್ತದೆ. ಹಳೇ ಹಲ್ಲುಜ್ಜುವ ಬ್ರಷ್ ಸಾಕು.

ಜನರೇಟರ್ ವಿಷಯದಲ್ಲಿ ತಮಾಷೆ ಮಾಡುವುದಿಲ್ಲ. ಮಳೆ ಅಂತ ಅಡುಗೆಮನೆ ಪಕ್ಕದ ಕೋಣೆಯಲ್ಲಿ, ಮುಚ್ಚಿದ ಜಗಲಿಯಲ್ಲಿ ಓಡಿಸಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ. ಎರಡೂ ತುದಿಗೆ ಪಿನ್ ಇರುವ ವೈರ್ ಮಾಡಿಕೊಂಡು ಪ್ಲಗ್ ಪಾಯಿಂಟ್‌ಗೇ ಚುಚ್ಚಿ ಮನೆಗೆಲ್ಲ ಕರೆಂಟ್ ಕೊಡುವವರೂ ಇದ್ದಾರೆ. ಮೇನ್ ತೆಗೆಯಲು ಮರೆತರೆ ಆ ಕರೆಂಟ್ ಹಿಂದಕ್ಕೆ ಹೋಗಿ, ಟ್ರಾನ್ಸ್‌ಫಾರ್ಮರ್ ದಾಟಿ, ಸಾವಿರಾರು ವೋಲ್ಟ್ ಆಗಿ ಲೈನಿಗೆ ಏರುತ್ತದೆ. ಅತ್ತ ಮಳೆಯಲ್ಲಿ ಕಂಬ ಹತ್ತಿದ ಹುಡುಗ ಲೈನ್ ಸತ್ತಿದೆ ಅಂತ ನಂಬಿ ಕೈ ಹಾಕಿರುತ್ತಾನೆ. ಲೈನ್, ಜನರೇಟರ್ ಎರಡರಲ್ಲಿ ಒಂದನ್ನೇ ಮನೆಗೆ ಕೂಡಿಸುವ ಚೇಂಜ್ ಓವರ್ ಸ್ವಿಚ್ ಹಾಕಿಸಿ. ಹಾಗೇ ಗಾಳಿಮಳೆಯಲ್ಲಿ ಒಂದು ಕೋಣೆಯ ಬಲ್ಬ್ ಝಗ್ಗನೆ ಉರಿದು ಇನ್ನೊಂದು ಕೋಣೆಯದ್ದು ಮಂಕಾದರೆ, ನ್ಯೂಟ್ರಲ್ ತಂತಿ ತುಂಡಾಗಿದೆ ಅಂದುಕೊಳ್ಳಿ. 230 ಬರುವ ಕಡೆ 400 ಹತ್ತಿರ ಹೋಗಬಹುದು. ಟಿವಿ, ಫ್ರಿಜ್ ಒಂದೊಂದಾಗಿ ನೋಡುತ್ತಾ ಕೂರಬೇಡಿ, ಓಡಿಹೋಗಿ ಮೇನ್ ತೆಗೆಯಿರಿ.

ಇನ್ನೇನು ನಮ್ಮ ಕೋವಿ ಪೂಜೆಯ ಹಬ್ಬ ಕೈಲ್ ಮುಹೂರ್ತ ಬಂತು, ಸೆಪ್ಟೆಂಬರ್ 3. ಕೋವಿಯನ್ನು ಒರೆಸಿ, ಎಣ್ಣೆ ಹಾಕಿ, ಗಂಧ ಇಟ್ಟು ಪೂಜೆ ಮಾಡುತ್ತೀರಿ. ಅಷ್ಟು ಹಳೇ ಕೋವಿಗಳು ಇವತ್ತಿಗೂ ಹೊಳೆಯುವುದು ಅದಕ್ಕೇ ಅಲ್ವಾ? ಅದೇ ದಿನ ಮೂಲೆಯಲ್ಲಿರುವ ಮೆಷಿನ್‌ಗಳನ್ನೂ ಹೊರಗೆ ತಂದು ಒರೆಸಿ, ಶಾಫ್ಟ್ ತಿರುಗಿಸಿ, ಎರಡು ಹನಿ ಎಣ್ಣೆ ಬಿಡಿ. ಆದರೆ ತೊಳೆಯಬೇಡಿ! ಆಯುಧಪೂಜೆಯ ಮಾರನೇ ದಿನ ನನಗೆ ವರ್ಷದಲ್ಲೇ ಜಾಸ್ತಿ ಗಿರಾಕಿ. ಭಕ್ತಿ ಜಾಸ್ತಿಯಾಗಿ ಮೋಟರ್‌ಗೆ, ಸ್ಟಾರ್ಟರ್‌ಗೆ, ಜನರೇಟರ್‌ಗೆ ಪೈಪಿನಲ್ಲಿ ನೀರು ಹೊಡೆದು, ಕುಂಕುಮ ಹಚ್ಚಿ, ಸ್ವಿಚ್ ಹಾಕಿರುತ್ತಾರೆ. ಕುಂಕುಮ ಇದ್ದ ಹಾಗೇ ಅಂಗಡಿಗೆ ಬರುತ್ತದೆ.

(ಇಲ್ಲಿಂದ ಮುಂದೆ ಪ್ರಶ್ನೆಗಳು. ಎಲ್ಲವನ್ನೂ ಬರೆದಿಲ್ಲ.)

ಸಿದ್ದಾಪುರದ ಕಡೆಯ ಒಬ್ಬ ಅಣ್ಣ ಆನೆ ಬೇಲಿಯ ಬಗ್ಗೆ ಕೇಳಿದರು. ಸೋಲಾರ್ ಬಾಕ್ಸ್ ಟಿಕ್ ಟಿಕ್ ಅನ್ನುತ್ತಿದೆ, ಬೇಲಿಯಲ್ಲಿ ಶಾಕ್ ಇಲ್ಲ, ಬಾಕ್ಸ್ ಹೋಯಿತಾ? ಇಲ್ಲ ಅಣ್ಣ, ಟಿಕ್ ಅಂತಿದ್ದರೆ ಹೆಚ್ಚಾಗಿ ಬಾಕ್ಸ್ ಬದುಕಿದೆ. ಬೇಲಿಯ ತಂತಿಯನ್ನು ಬಾಕ್ಸಿನಿಂದ ಬಿಡಿಸಿ ಅಲ್ಲೇ ವೋಲ್ಟೇಜ್ ಅಳೆಯಿರಿ. ಅಲ್ಲಿ ಸಾವಿರಗಟ್ಟಲೆ ತೋರಿಸಿ, ತಂತಿ ಜೋಡಿಸಿದಾಗ ಬಿದ್ದುಹೋದರೆ ಬೇಲಿಯಲ್ಲಿ ಸೋರಿಕೆ ಇದೆ. ಮಳೆಯಲ್ಲಿ ಬೆಳೆದ ಹಸಿ ಬಳ್ಳಿ ತಂತಿಗೆ ತಾಗಿದರೆ ಒಂದೊಂದೂ ಸ್ವಲ್ಪ ಸ್ವಲ್ಪ ಕುಡಿಯುತ್ತದೆ, ನೂರು ಕಡೆ ತಾಗಿದರೆ ಆನೆಗೆ ಏನೂ ಉಳಿಯುವುದಿಲ್ಲ. ಕಾಡು ಕಡಿಯಿರಿ. ಬೇಸಿಗೆಯಲ್ಲಿ ಉಲ್ಟಾ, ಮಣ್ಣು ಒಣಗಿ ಅರ್ತ್ ಹಿಡಿಯುವುದಿಲ್ಲ, ಅರ್ತ್ ಕಂಬಿಯ ಬುಡಕ್ಕೆ ನೀರು ಹಾಕಿ.

ಇನ್‌ವರ್ಟರ್ ಮೊದಲಿನ ಹಾಗೆ ಬಾಳಿಕೆ ಬರುತ್ತಿಲ್ಲ ಅಂತ ಒಬ್ಬ ಅಕ್ಕ ಹೇಳಿದರು. ನಾಲ್ಕು ದಿನ ಕರೆಂಟ್ ಇಲ್ಲದಾಗ ಪೂರ್ತಿ ಖಾಲಿಯಾದ ಬ್ಯಾಟರಿ ಹಾಗೇ ಕೂತರೆ ಒಳಗಿನ ಪ್ಲೇಟ್ ಮೇಲೆ ಗಟ್ಟಿ ಪದರ ಕಟ್ಟುತ್ತದೆ, ಅದು ಆಮೇಲೆ ಸುಲಭಕ್ಕೆ ಬಿಡುವುದಿಲ್ಲ. ಕಿರುಚಲು ಶುರು ಮಾಡಿದಾಗಲೇ ಆಫ್ ಮಾಡಿಬಿಡಿ ಅಕ್ಕ, ಕೊನೆಯ ಹನಿಯವರೆಗೆ ಹಿಂಡಬೇಡಿ. ಡಿಸ್ಟಿಲ್ಡ್ ವಾಟರ್ ಬದಲು ಮಳೆ ನೀರು ಹಾಕಬಹುದಾ ಅಂತಲೂ ಕೇಳಿದರು. ಮಾಡಿನಿಂದ ಇಳಿದ ನೀರಿನಲ್ಲಿ ಹೆಂಚಿನ ಧೂಳು, ಪಾಚಿ, ಹಕ್ಕಿ ಹಿಕ್ಕೆ ಎಲ್ಲ ಇರುತ್ತದೆ. ಬೇಡ.

ಎಲ್ಲ ಮುಗಿದು ಹೊರಗೆ ಕಾಫಿ ಕುಡಿಯುತ್ತಿದ್ದಾಗ ಒಬ್ಬರು ಹಿರಿಯರು ಬಂದು, ಮೆಷಿನ್ ಜೀಪಿನಲ್ಲೇ ಇದೆ, ನೋಡುತ್ತೀಯಾ ಅಂದರು. ಜಗಲಿಯ ಮೇಲೆ ಇಟ್ಟು ಟ್ಯಾಂಕನ್ನು ನೀರಿನ ಬಾಟಲಿಗೆ ಸುರಿದೆವು. ಐದು ನಿಮಿಷಕ್ಕೆ ತಳದಲ್ಲಿ ಒಂದೂವರೆ ಬೆರಳಿನಷ್ಟು ಪದರ ಬೇರೆಯಾಗಿ ನಿಂತಿತು. ಸುತ್ತ ಹತ್ತು ಜನ ಸೇರಿದರು. ನಾನು ಇಡೀ ಬೆಳಿಗ್ಗೆ ಹೇಳಿದ್ದಕ್ಕಿಂತ ಆ ಬಾಟಲಿ ಹೆಚ್ಚು ಕೆಲಸ ಮಾಡಿತು. ಹೊಸ ಪೆಟ್ರೋಲ್ ಹಾಕಿ, ಪ್ಲಗ್ ಒರೆಸಿ, ಎಂಟನೇ ಎಳೆತಕ್ಕೆ ಸ್ಟಾರ್ಟ್ ಆಯಿತು. ಅವರು ಬಾಟಲಿಯನ್ನು ಮತ್ತೆ ಬೆಳಕಿಗೆ ಹಿಡಿದು ನೋಡಿದರು.

"ಮೇಲಿನದ್ದು ಚೆನ್ನಾಗೇ ಕಾಣುತ್ತದಲ್ಲ, ಸುಮ್ನೆ ಚೆಲ್ಲುವ ಬದಲು ಜೀಪಿಗೆ ಹಾಕಿಬಿಡಲಾ?"

"ಮಾವ, ನಿಮ್ಮದು ಡೀಸೆಲ್ ಜೀಪು."